ಲಾರಿಯ ಕಣ್ಣಿಹಗ್ಗ

ಅಂತರಸಂತೆಯ ಅಣ್ಣಯ್ಯನಿಗೆ ಲೋಕದ ಮೇಲೆ ಇದ್ದದ್ದು ಒಂದೇ ದೂರು. ಜನರಿಗೆ ಸಾಮಾನು ಕೊಳ್ಳಲು ಬರುತ್ತದೆ, ಇಟ್ಟುಕೊಳ್ಳಲು ಬರುವುದಿಲ್ಲ ಎಂಬುದೇ ಆ ದೂರು. ಈ ಮಾತಿಗೆ ತಾನೊಬ್ಬ ಅಪವಾದ ಎಂದು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮನೆಯ ಪಕ್ಕದ ಮಂಗಳೂರು ಹೆಂಚಿನ ಕೊಟ್ಟಿಗೆಯಲ್ಲಿ ನಿಂತಿದ್ದ ಮಿಲಿಟರಿ ಲಾರಿಯೇ ಹೋಗಿಬರುವವರಿಗೆಲ್ಲ ಅದನ್ನು ಸಾರುತ್ತಿತ್ತು.

ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ ಲಾರಿ ಅದು. ಎಂಜಿನ್ನಿನ ಬಲ ನಾಲ್ಕು ಚಕ್ರಕ್ಕೂ ಹರಿಯುವಂಥದ್ದು. ಮುಂಗಾರಿನಲ್ಲಿ ಉಳಿದ ಲಾರಿಗಳು ಕೆಸರು ಕಂಡ ಎಮ್ಮೆಗಳಂತೆ ಮಲಗಿಬಿಟ್ಟರೆ, ಇದು ಕಚ್ಚೆ ಬಿಗಿದ ಪೈಲ್ವಾನನ ಹಾಗೆ ದಿಬ್ಬ ಏರಿ ಬರುತ್ತಿತ್ತು. ಕಾಡಿನ ದಿಮ್ಮಿಯನ್ನೂ ಕಬಿನಿ ಅಣೆಕಟ್ಟಿನ ಸಿಮೆಂಟನ್ನೂ ಹೊತ್ತು ಹೊತ್ತು ಅಣ್ಣಯ್ಯನ ಸಂಸಾರವನ್ನು ದಡ ಮುಟ್ಟಿಸಿದ ಗಾಡಿ. ಅವನಾದರೂ ಅದನ್ನು ಹೂವಿನ ಹಾಗೆ ನೋಡಿಕೊಂಡ. ಹಲಗೆಗಳಿಗೆ ಹೊಂಗೆ ಎಣ್ಣೆ ಉಜ್ಜಿದ. ಮೈ ಒರೆಸುವುದಕ್ಕೆ ಹೆಂಡತಿಯ ಹಳೆಯ ಸೀರೆಗಳನ್ನು ಬಳಸಿದ. (ಅವು ಅಷ್ಟೇನೂ ಹಳೆಯವಲ್ಲ ಎಂಬುದು ಹೆಂಡತಿಯ ವಾದ.) ಲಾರಿ ಹತ್ತುವವರು ಚಪ್ಪಲಿ ಕೆಳಗೆ ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡೇ ಹತ್ತಬೇಕೆಂಬ ಕಾನೂನು ಮಾಡಿದ. ‘ಅಣ್ಣಯ್ಯನ ಲಾರಿ ದಾರಿಯಲ್ಲಿ ನಿಂತಿತು’ ಎಂಬ ಮಾತನ್ನು ಕೋಟೆ ತಾಲ್ಲೂಕಿನಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಅವನ ಆಸ್ತಿಯೆಂದರೆ ಆ ಕೀರ್ತಿಯೇ.

ಅಂಥ ಲಾರಿಯನ್ನು ಮಾರುವ ಪ್ರಸಂಗ ಬಂದದ್ದು ಎರಡು ಎಮ್ಮೆಗಳ ದೆಸೆಯಿಂದ. ಅಣೆಕಟ್ಟಿನ ಕೆಲಸ ಮುಗಿಯಿತು, ಪೆಟ್ರೋಲಿನ ಬೆಲೆ ಮುಗಿಲಿಗೆ ಏರಿತು, ಲಾರಿ ಹೆಂಚಿನ ಕೆಳಗೆ ವಿಶ್ರಾಂತಿವೇತನ ಪಡೆಯುವ ಸಾಹೇಬರಂತೆ ಕುಳಿತುಬಿಟ್ಟಿತು. ಅತ್ತ ಅಣ್ಣಯ್ಯನ ಹೆಂಡತಿ ಸಿದ್ದಲಿಂಗಮ್ಮನ ಎಮ್ಮೆಗಳು ಹುಲ್ಲಿನ ಚಪ್ಪರದ ಕೆಳಗೆ ನೆನೆಯುತ್ತಿದ್ದವು.

“ನಿಮ್ ಲಾರಿ ಒಂದು ಸೇರು ಹಾಲು ಕೊಡ್ಲಿ ಕಣ್ರೀ, ನಾನೇ ಅದ್ಕೆ ಹಿಂಡಿ ಇಡ್ತೀನಿ,” ಎಂದಳು ಸಿದ್ದಲಿಂಗಮ್ಮ. “ಇಲ್ದಿದ್ರೆ ಮಳೆ ಹಿಡಿಯೋದ್ರೊಳ್ಗೆ ಎಮ್ಮೆ ಒಳಕ್ಕೆ ಬರಬೇಕು. ಇಲ್ಲಾ ಅಂದ್ರೆ ಅವನ್ನೂ ಹೊಡ್ಕೊಂಡು ಸರಗೂರಿಗೆ, ನಮ್ಮಣ್ಣನ ಮನೆಗೆ ಹೊರಟೆ ಅಂತ ತಿಳ್ಕೊಳಿ.”

ಸಿದ್ದಲಿಂಗಮ್ಮ ಹೋದರೆ ಹೇಗಾದರೂ ಸಹಿಸಬಹುದಿತ್ತೋ ಏನೋ, ಎಮ್ಮೆಗಳೂ ಹೋದರೆ ಕಾಫಿಗೆ ಏನು ಗತಿ? ಅಣ್ಣಯ್ಯ ಒಪ್ಪಿದ. ಆದರೆ ಒಂದು ಷರತ್ತು ಹಾಕಿದ. ಲಾರಿ ಯೋಗ್ಯರ ಮನೆಯನ್ನೇ ಸೇರಬೇಕು, ಅವನ ಹೆಸರು ಉಳಿಸಬೇಕು.

ನೋಡಲು ಬಂದವರಿಗೆ ಕೊರತೆಯಿರಲಿಲ್ಲ. ಕೆ.ಆರ್. ನಗರದ ಕಂಟ್ರಾಕ್ಟರನೊಬ್ಬ ಬಂದು ಚಕ್ರದ ಪಕ್ಕದಲ್ಲೇ ಎಲೆಯಡಿಕೆ ಉಗುಳಿದ. ಅವನನ್ನು ಅಣ್ಣಯ್ಯ ಜಗುಲಿಗೂ ಕರೆಯಲಿಲ್ಲ. ಹುಣಸೂರಿನ ಮರದ ವ್ಯಾಪಾರಿ ಗಾಳಿ ಪರೀಕ್ಷಿಸಲೆಂದು ಟೈರನ್ನು ಕಾಲಿನಿಂದ ಒದ್ದ. ಹೆಣ್ಣು ನೋಡಲು ಬಂದವನು ಹುಡುಗಿಯನ್ನು ಒದ್ದು ನೋಡುತ್ತಾನೆಯೇ? ಅವನಿಗೂ ಮಜ್ಜಿಗೆ ಕೊಡದೆ ಬಸ್ಸು ಹತ್ತಿಸಿದ್ದಾಯಿತು.

ಆಮೇಲೆ ಬಂದವರು ದೇವಯ್ಯ. ಪಿರಿಯಾಪಟ್ಟಣದಿಂದಾಚೆ, ಕೊಡಗಿನಲ್ಲಿ ಕಾಫಿ ತೋಟವಿಟ್ಟಿದ್ದವರು. ಹಿಂದೆ ಸೈನ್ಯದಲ್ಲಿದ್ದು ಬಂದ ದೊಡ್ಡ ಮೀಸೆಯ ಮನುಷ್ಯ. ಕೊಟ್ಟಿಗೆಯ ಬಾಗಿಲಲ್ಲಿ ಲಾರಿಯನ್ನು ಕಂಡೊಡನೆ ತಲೆಯ ಮೇಲಿನ ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಣ್ಣಯ್ಯ ತಾನೇ ಓಡಿಹೋಗಿ ಜಗುಲಿಯ ಮೇಲೆ ಚಾಪೆ ಹಾಸಿದ. ಆದರೂ ಕರ್ತವ್ಯ ಬಿಡಲಾದೀತೆ? ಅಳಿಯನನ್ನು ವಿಚಾರಿಸುವ ಮಾವನಂತೆ ಒಂದೊಂದೇ ಪ್ರಶ್ನೆ ಕೇಳಿದ. ತೋಟದಲ್ಲಿ ಲಾರಿಗೆ ಸೂರು ಇದೆಯೇ, ರೇಡಿಯೇಟರಿಗೆ ಹೊಳೆಯ ನೀರೋ ಬಾವಿಯ ನೀರೋ, ಓಡಿಸುವವರು ಯಾರು, ಅವರಿಗೆ ಸಿಟ್ಟು ಬರುತ್ತದೆಯೇ. ದೇವಯ್ಯನವರು ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಕೊನೆಗೆ ಅಣ್ಣಯ್ಯ, ಹುಡುಗಿಗೆ ಒಂದು ಕಿವಿ ಮಂದ ಎಂದು ಹೇಳುವವನಂತೆ ದನಿ ತಗ್ಗಿಸಿ, ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ‘ಸೆಲ್ಫ್’ ಮಾತ್ರ ಹೋಗಿದೆ, ಮುಂದುಗಡೆ ಹ್ಯಾಂಡ್ಲು ಹಾಕಿ ತಿರುಗಿಸಬೇಕು ಎಂದ. ಸೈನ್ಯದಲ್ಲಿ ತಾವು ತಿರುಗಿಸಿದ್ದೂ ಅದನ್ನೇ ಎಂದು ದೇವಯ್ಯನವರು ನಕ್ಕರು. ಮಾತು ಮುಗಿಯಿತು. ಸಿದ್ದಲಿಂಗಮ್ಮ ಸಂತೋಷದಿಂದ ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚಾಗಿಯೇ ಹಾಕಿದಳು.

ಲಾರಿ ಹೊರಡುವ ದಿನ ಬೆಳಿಗ್ಗೆ, ಅಣ್ಣಯ್ಯನ ತಾಯಿ ದೊಡ್ಡತಾಯಮ್ಮ ಜಗುಲಿಯ ಮೇಲೆ ಕುಳಿತು ರಾಗಿ ಕೇರುತ್ತಿದ್ದವರು ಮೊರವನ್ನು ಕೆಳಗಿಟ್ಟರು.

“ಅಲ್ಲಾ ಕಣ್ಲಾ, ಹಗ್ಗಾನೂ ಕೊಟ್ಟುಬುಡ್ತಿಯೇನ್ಲಾ?”

ನಮ್ಮ ಕಡೆ ದನ ಮಾರುವವರು ದನದ ಹಗ್ಗವನ್ನು ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು, ಕಟ್ಟಿಕೊಂಡು ಹೋಗಬೇಕು. ಹಳೆಯ ಕಣ್ಣಿ ಮನೆಯಲ್ಲೇ ಉಳಿಯಬೇಕು, ಇಲ್ಲವಾದರೆ ಕೊಟ್ಟಿಗೆಯ ಸಿರಿ ದನದ ಹಿಂದೆಯೇ ಹೊರಟುಹೋಗುತ್ತದೆ ಎಂದು ನಂಬಿಕೆ. ಅಣ್ಣಯ್ಯ ತಲೆಮೇಲೆ ಕೈಯಿಟ್ಟುಕೊಂಡ.

“ಅವ್ವ, ಲಾರಿಗೆ ಎಲ್ಲಿಂದ ಬತ್ತದೆ ಹಗ್ಗ?”

“ದಿನಾ ಹೊತ್ತಾರೆ ಏನ ಇಡ್ಕಂಡು ಅದುನ್ನ ಎಬ್ಬುಸ್ತಿದ್ದೆ? ಅದೇಯ ಅದ್ರ ಕಣ್ಣಿ.”

ಹ್ಯಾಂಡ್ಲು! ಇದರ ಮೇಲೆ ಮನೆಯಲ್ಲಿ ದೊಡ್ಡದೊಂದು ಶಾಸ್ತ್ರಚರ್ಚೆ ನಡೆಯಿತು. ಹಾರನ್ನಿನ ರಬ್ಬರ್ ಬುರುಡೆಯನ್ನು ಉಳಿಸಿಕೊಂಡರೆ ಸಾಲದೇ ಎಂದು ಅಣ್ಣಯ್ಯ ಕೇಳಿದ. ಅದು ಕೊರಳ ಗಂಟೆಯಾಯಿತು, ಕಣ್ಣಿಯಾಗಲಿಲ್ಲ ಎಂದು ದೊಡ್ಡತಾಯಮ್ಮ ತಳ್ಳಿಹಾಕಿದರು. ಸಿದ್ದಲಿಂಗಮ್ಮನಿಗೆ ಚರ್ಚೆಯೇ ಬೇಕಿರಲಿಲ್ಲ. ಇನ್ನು ತನ್ನ ಎಮ್ಮೆಗಳು ನಿಲ್ಲುವ ಜಾಗದ ಸಿರಿ ಯಾವ ಕಾರಣಕ್ಕೂ ಕೊಡಗಿಗೆ ಹೋಗಕೂಡದೆಂದು, ಹ್ಯಾಂಡ್ಲನ್ನು ಎತ್ತಿಕೊಂಡು ಹೋಗಿ ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಕ್ಕೆ ಇಳಿಸಿಬಿಟ್ಟಳು. ಇಷ್ಟಕ್ಕೂ ಕೊಂಡವನು ತನ್ನ ಹಗ್ಗ ತರುವುದು ಪದ್ಧತಿ. ದೇವಯ್ಯನವರು ತಮ್ಮ ಹ್ಯಾಂಡ್ಲು ತಂದೇ ತರುತ್ತಾರೆ ಎಂದು ಅಣ್ಣಯ್ಯನೂ ಸಮಾಧಾನ ಮಾಡಿಕೊಂಡ.

ಲಾರಿಯನ್ನು ಅವನು ಈ ಚರ್ಚೆಗೆ ಮೊದಲೇ ಸ್ಟಾರ್ಟ್ ಮಾಡಿ, ಎಂಜಿನ್ ಆರಿಸದೆ ಬಿಟ್ಟಿದ್ದ. ರೇಷ್ಮೆ ಜಾರಿದಂತೆ ಎಂಜಿನ್ ಓಡುತ್ತಿರುವುದನ್ನು ಬಂದೊಡನೆ ಕೇಳಲಿ ಎಂಬ ಹೆಮ್ಮೆ. ದೇವಯ್ಯನವರು ಕೇಳಿದರು, ತಲೆದೂಗಿದರು, ಹತ್ತಿದರು. ಹ್ಯಾಂಡ್ಲು ಸೀಟಿನ ಕೆಳಗೆ ಇರುತ್ತದೆಯೆಂದು ಅವರು ನಂಬಿದ್ದರು. ಅವರ ಚೀಲದಲ್ಲಿದೆಯೆಂದು ಅಣ್ಣಯ್ಯ ನಂಬಿದ್ದ. ದೊಡ್ಡತಾಯಮ್ಮ ಚಕ್ರಗಳಿಗೆ ನೀರು ಚಿಮುಕಿಸಿ ದೃಷ್ಟಿ ತೆಗೆದರು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಅಣ್ಣಯ್ಯ ಕೈಯೆತ್ತಿಕೊಂಡೇ ನಿಂತಿದ್ದ. ಹಿಂದಿರುಗಿ ನೋಡಿದರೆ ಎಮ್ಮೆಗಳು ಹೆಂಚಿನ ಕೆಳಗೆ ಆಗಲೇ ಮೆಲುಕು ಹಾಕುತ್ತಿದ್ದವು.

ಮಧ್ಯಾಹ್ನದ ಬಸ್ಸಿನ ಕಂಡಕ್ಟರು ಸುದ್ದಿ ತಂದ. ಬಸ್ಸಿನ ಬಾಗಿಲಿನಿಂದಲೇ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ.

“ಅಣ್ಣಯ್ಯಾ, ನಿನ್ ಲಾರಿ ಹ್ಯಾಂಡ್‌ಪೋಸ್ಟ್ ಸರ್ಕಲ್ನಾಗೆ ನಿಂತೋಗದೆ ಕಣೋ.”

ಆದದ್ದು ಇಷ್ಟು. ದೇವಯ್ಯನವರು ಹ್ಯಾಂಡ್‌ಪೋಸ್ಟಿನಲ್ಲಿ ಕಾಫಿ ಕುಡಿಯಲು ಎಂಜಿನ್ ನಿಲ್ಲಿಸಿ ಇಳಿದಿದ್ದರು. ಕಾಫಿ ಮುಗಿಸಿ ಸೀಟಿನ ಕೆಳಗೆ ಕೈಹಾಕಿದರೆ ಅಲ್ಲಿ ಒರೆಸುವ ಸೀರೆ ಬಿಟ್ಟು ಬೇರೇನೂ ಇಲ್ಲ. ಅಂಗಡಿಗಳವರು, ಬಸ್ಸಿಗೆ ಕಾದವರು ಎಲ್ಲರೂ ಸೇರಿ ತಳ್ಳಿದರು. ತಳ್ಳಿದವರ ಉಸಿರು ಹೊರಟಿತೇ ಹೊರತು ಲಾರಿ ಹೊರಡಲಿಲ್ಲ. ಮೈಸೂರಿಗೆ ಹೋಗುವವರು, ಹುಣಸೂರಿಗೆ ಹೋಗುವವರು, ಕೋಟೆಗೆ ಬರುವವರು ಎಲ್ಲರೂ ಈ ದೃಶ್ಯ ನೋಡಿಕೊಂಡೇ ಮುಂದೆ ಹೋಗಬೇಕು. ಅಂಥ ಕೂಡುರಸ್ತೆಯಲ್ಲಿ ಅಣ್ಣಯ್ಯನ ಕೀರ್ತಿ ಅಡ್ಡಡ್ಡ ನಿಂತಿತ್ತು.

ಅವನು ಒಳಗೆ ಓಡಿ ವಾಡೆಗೆ ಕೈಹಾಕಿದ. ದೊಡ್ಡತಾಯಮ್ಮ ಅಡ್ಡ ಬಂದರು. ಮಾರಿದ ದನದ ಕಣ್ಣಿ ಪರರ ಕೈಸೇರಬಾರದು ಎಂದು ಹಟ ಹಿಡಿದರು. ಅಣ್ಣಯ್ಯ ತನ್ನ ಮಾನ ಬೀದಿಗೆ ಬಂದಿದೆ ಎಂದು ಗೋಗರೆದ. ಕೊನೆಗೆ ತಾಯಿಯೇ ಒಂದು ದಾರಿ ತೋರಿಸಿದರು.

“ನಿನ್ ಕೈಲೇ ಓಗ್ಲಿ, ನಿನ್ ಕೈಲೇ ಬರ್ಲಿ. ಇನ್ನೊಬ್ರು ಮುಟ್ಕೂಡ್ದು ಕಣ್ಲಾ, ನನ್ ಮೇಲಾಣೆ.”

ಸಿದ್ದಲಿಂಗಮ್ಮ ರೊಟ್ಟಿಯ ಗಂಟು ಕಟ್ಟಿಕೊಟ್ಟಳು. ಅದರ ಗಾತ್ರ ನೋಡಿದರೆ ಗಂಡ ಬೇಗ ಬಂದಾನೆಂಬ ಆಸೆ ಅವಳಿಗೆ ಇದ್ದಂತೆ ಕಾಣಲಿಲ್ಲ.

ಹ್ಯಾಂಡ್‌ಪೋಸ್ಟಿನಲ್ಲಿ ಅಣ್ಣಯ್ಯ ಹ್ಯಾಂಡ್ಲನ್ನು ಹೆಗಲ ಮೇಲಿಟ್ಟುಕೊಂಡು ಬಸ್ಸಿನಿಂದ ಇಳಿದಾಗ, ಗದೆ ಹೊತ್ತ ಭೀಮಸೇನನಿಗೆ ದಾರಿ ಬಿಟ್ಟಂತೆ ಜನ ದಾರಿ ಬಿಟ್ಟರು. ಪಂಚೆ ಎತ್ತಿಕಟ್ಟಿ, ಹ್ಯಾಂಡ್ಲು ಹಾಕಿ, ಒಂದೇ ಒಂದು ಸುತ್ತು ತಿರುಗಿಸಿದ. ಲಾರಿ ಗುಡುಗಿ ಎದ್ದಿತು. ಆಗ ನೆರೆದವರು ತಾವಾಗಿಯೇ ಚಪ್ಪಾಳೆ ತಟ್ಟಿದರು. ಕಳೆದ ಮಾನ ಬಡ್ಡಿಸಮೇತ ಬಂತೆಂದು ಅಣ್ಣಯ್ಯ ಮೀಸೆಯ ಮೇಲೆ ಕೈಯಾಡಿಸಿದ. ಆಮೇಲೆ, ಹ್ಯಾಂಡ್ಲನ್ನು ಎದೆಗವಚಿಕೊಂಡು, ತಾಯಿಯ ಆಣೆಯನ್ನು ದೇವಯ್ಯನವರಿಗೆ ಒಪ್ಪಿಸಿದ.

ದೇವಯ್ಯನವರು ಕೋಪ ಮಾಡಿಕೊಳ್ಳಲಿಲ್ಲ. ಸೈನ್ಯದಲ್ಲಿದ್ದವರು, ಮೇಲಿನವರ ಅಪ್ಪಣೆಯೆಂದರೆ ಏನೆಂದು ಬಲ್ಲವರು.

“ತಾಯಿಯ ಮಾತು ಮೀರುವುದು ಬೇಡ ಅಣ್ಣಯ್ಯನವರೇ. ಹ್ಯಾಂಡ್ಲು ನಿಮ್ಮ ಹತ್ತಿರವೇ ಇರಲಿ,” ಎಂದು ಲಾರಿಯ ಹಿಂಭಾಗವನ್ನು ತೋರಿಸಿದರು. “ಹತ್ತಿ.”

ಮುಂದಿನ ಸೀಟಿನಲ್ಲಿ ದೇವಯ್ಯನವರು ಹುಣಸೂರಿನವರೆಗೆ ಬಿಡಲು ಒಪ್ಪಿಕೊಂಡಿದ್ದ ಇಬ್ಬರು ಹಿರಿಯರಿದ್ದರು. ಅಣ್ಣಯ್ಯ ಹಿಂದಕ್ಕೆ ಹೋಗಿ, ತನ್ನ ಕಾನೂನಿನಂತೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಹೊಂಗೆ ಎಣ್ಣೆಯ ಹಲಗೆ ಏರಿದ. ಹುಣಸೂರಿನಲ್ಲಿ ಹಿರಿಯರನ್ನು ಇಳಿಸಲು ಲಾರಿ ನಿಂತಿತು. ಅಣ್ಣಯ್ಯ ಇಳಿದು ತಿರುಗಿಸಿ, ಮುಂದಿನ ಸೀಟು ಖಾಲಿಯಿದ್ದರೂ ಮತ್ತೆ ಹಿಂದಕ್ಕೇ ಹತ್ತಿದ. ಪಿರಿಯಾಪಟ್ಟಣದಲ್ಲಿ ಗೊಬ್ಬರದ ಮೂಟೆ ಹೇರಲು ನಿಂತಿತು. ಇಳಿದು ತಿರುಗಿಸಿದ. ಪ್ರತಿ ಸಲವೂ ಒಂದೇ ಸುತ್ತಿಗೆ ಎಂಜಿನ್ ಏಳುತ್ತಿತ್ತು. ಪ್ರತಿ ಸಲವೂ ಅವನ ಎದೆ ಉಬ್ಬುತ್ತಿತ್ತು. ತಾನು ಲಾರಿಯ ಯಜಮಾನನ ಪದವಿಯಿಂದ ಕ್ಲೀನರನ ಪದವಿಗೆ ಇಳಿದದ್ದು, ಗೊಬ್ಬರದ ಮೂಟೆಗಳ ನಡುವೆ ಕುಳಿತಿದ್ದಾಗಲೂ ಅವನಿಗೆ ಹೊಳೆಯಲಿಲ್ಲ.

ತೋಟದ ಮನೆಯ ಮುಂದೆ ಲಾರಿ ನಿಂತಾಗ ದೇವಯ್ಯನವರ ಹೆಂಡತಿ ವಿಮಲಮ್ಮ ಮೆಟ್ಟಿಲಿಳಿದು ಬಂದರು. ಲಾರಿಯನ್ನು ಒಮ್ಮೆ ಸುತ್ತಿ, ಹಿಂದುಗಡೆಯಿಂದ ಗೊಬ್ಬರದ ಮೈಯಲ್ಲಿ ಇಳಿಯುತ್ತಿದ್ದ ಅಣ್ಣಯ್ಯನನ್ನೂ ಅವನ ಹೆಗಲ ಕಬ್ಬಿಣವನ್ನೂ ನೋಡಿ, ಇವರು ಯಾರೆಂದು ಕೇಳಿದರು.

“ಇವರಿಲ್ಲದೆ ಲಾರಿ ಸ್ಟಾರ್ಟ್ ಆಗುವುದಿಲ್ಲ. ಜೊತೆಗೇ ಬಂದಿದ್ದಾರೆ,” ಎಂದರು ದೇವಯ್ಯ.

ವಿಮಲಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ ನೋಡಿದರು.

“ವಯಸ್ಸಾದ ಹಾಗಿದೆಯಲ್ಲ.”

“ಆದರೇನು, ಮನೆಯವರು ಚೆನ್ನಾಗಿ ಇಟ್ಟುಕೊಂಡಿದ್ದಾರೆ.”

ನ್ಯಾಯವಾಗಿ ಆ ಹೊಗಳಿಕೆ ಸಲ್ಲಬೇಕಾದದ್ದು ಅಂತರಸಂತೆಯಲ್ಲಿ ಎಮ್ಮೆಗಳಿಗೆ ಹಿಂಡಿ ಇಡುತ್ತಿದ್ದ ಸಿದ್ದಲಿಂಗಮ್ಮನಿಗೆ. ಅಣ್ಣಯ್ಯ ಮಾತ್ರ ಅದನ್ನು ಪೂರ್ತಿಯಾಗಿ ತಾನೇ ತೆಗೆದುಕೊಂಡು, ಲಾರಿಯ ಪಕ್ಕದಲ್ಲಿ ಇನ್ನಷ್ಟು ನೆಟ್ಟಗೆ ನಿಂತ.