ಕೆನಡಾಕ್ಕೆ ಟವೆಲ್ ಹಾಕಿ ಬಂದವನು

ಮನುಷ್ಯರು ಕೊಡೆ ಕಳೆದುಕೊಳ್ಳುತ್ತಾರೆ, ಚಪ್ಪಲಿ ಕಳೆದುಕೊಳ್ಳುತ್ತಾರೆ. ಹನೂರಿನಲ್ಲಿರುವ ನನ್ನ ಸೋದರಮಾವ ಒಮ್ಮೆ ಮಾದೇಶ್ವರನ ಬೆಟ್ಟಕ್ಕೆ ಹೋದಾಗ ಅತ್ತೆಯನ್ನೇ ಕಳೆದುಕೊಂಡು, ದಾಸೋಹದಲ್ಲಿ ಎರಡನೇ ಸಲ ಸಾರು ಹಾಕಿಸಿಕೊಳ್ಳುವಾಗ ನೆನಪಿಸಿಕೊಂಡವರು. ನಾನು ಕಳೆದುಕೊಂಡದ್ದು ಒಂದು ದೇಶವನ್ನು. ಅದೂ ಸಣ್ಣಪುಟ್ಟದ್ದಲ್ಲ, ಭೂಪಟದ ತಲೆಯ ಮೇಲೆ ರುಮಾಲಿನ ಹಾಗೆ ಹರಡಿಕೊಂಡಿರುವ ಕೆನಡಾ. ಯಾರೂ ಅದನ್ನು ನನ್ನಿಂದ ಕಿತ್ತುಕೊಳ್ಳಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಅಲ್ಲಿಯ ಖಾಯಂ ನಿವಾಸಿ ಎಂಬ ಪದವಿಯನ್ನು ಕೈಗೆ ಕೊಟ್ಟಿದ್ದರು. ನಾನು ಕೊಳ್ಳೇಗಾಲದಲ್ಲಿ ಕಾಲು ಚಾಚಿ ಕೂತು ಅದು ಹಳಸುವವರೆಗೂ ಸುಮ್ಮನಿದ್ದೆ. ತಪ್ಪೆಲ್ಲ ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಗೆ ಒಪ್ಪಿಕೊಂಡರೆ ನೀವು ಅಷ್ಟು ಹೊತ್ತೂ ನನ್ನ ಪರ ವಹಿಸಿರುತ್ತೀರಿ, ಆಮೇಲೆ ಮುಖ ನೋಡುವುದು ಕಷ್ಟ.

ನನಗೆ ಗೊತ್ತಿರುವ ವಿದ್ಯೆ ಒಂದೇ, ಅಣಕು. ಮದುವೆಗಳ ಆರತಕ್ಷತೆಯಲ್ಲಿ ಮೈಕು ಹಿಡಿದು ಊರವರ ಧ್ವನಿಗಳನ್ನೆಲ್ಲ ತೆಗೆಯುತ್ತೇನೆ. ಉಳಿದ ದಿನ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚುತ್ತೇನೆ, ಮಡಚುತ್ತೇನೆ, ಹೆಂಗಸರು ಎದ್ದು ಹೋದ ಮೇಲೆ ಅವರ ಹಾಗೆ ಮೂತಿ ಮುರಿಯುತ್ತೇನೆ. ನಮ್ಮದು ನೇಯ್ಗೆಯ ಮನೆ. ಚಿಕ್ಕವನಿದ್ದಾಗ ಅಪ್ಪನ ಮಗ್ಗದ ಪಕ್ಕ ಕೂತು ಲಾಳಿಯ ಸದ್ದನ್ನು ಬಾಯಲ್ಲೇ ಎಷ್ಟು ಚೆನ್ನಾಗಿ ಮಾಡುತ್ತಿದ್ದೆ ಎಂದರೆ, ಅಪ್ಪ ಎದ್ದು ಹೋಗಿ ಬೀಡಿ ಸೇದಿ ಬಂದರೂ ಒಳಗಿದ್ದ ಅವ್ವನಿಗೆ ಗೊತ್ತಾಗುತ್ತಿರಲಿಲ್ಲ. ನನ್ನ ಮೊದಲ ಸಂಭಾವನೆ ಬೀಡಿ ಅಂಗಡಿಯಿಂದ ಅಪ್ಪ ತಂದುಕೊಡುತ್ತಿದ್ದ ಕಡ್ಲೆಮಿಠಾಯಿ.

ಇಂಥವನು ಕೆನಡಾಕ್ಕೆ ಹೋಗಿದ್ದಾದರೂ ಏಕೆ ಅಂದರೆ, ಹೋಟೆಲ್ ಅಡುಗೆಯ ಡಿಪ್ಲೊಮಾ ಮಾಡಿದ್ದೆ, ಜೊತೆಯವರು ಹೊರಟರು, ನಾನೂ ಹೊರಟೆ. ಅಲ್ಲಿ ಈರುಳ್ಳಿ ಹೆಚ್ಚಿದೆ, ಬಾಣಲೆ ಉಜ್ಜಿದೆ, ಕೆಲವು ವರ್ಷಕ್ಕೆ ಖಾಯಂ ನಿವಾಸಿಯ ಕಾರ್ಡೂ ಬಂತು. ಆದರೆ ಒಂದು ಕೊರತೆ ಮಾತ್ರ ನೀಗಲಿಲ್ಲ. ನನ್ನ ಸರಕಿಗೆ ಅಲ್ಲಿ ಗಿರಾಕಿಯೇ ಇಲ್ಲ. ಒಂದು ದಿನ ತಡೆಯಲಾರದೆ ಹನೂರು ಬಸ್ಸಿನ ಕಂಡಕ್ಟರು ಟಿಕೆಟ್ ಕೂಗುವ ಧ್ವನಿ ತೆಗೆದೆ. ಕೊಳ್ಳೇಗಾಲದಲ್ಲಾದರೆ ಜನ ಹೊಟ್ಟೆ ಹಿಡಿದುಕೊಂಡು ಬೀಳುವ ಐಟಂ ಅದು. ಪಕ್ಕದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಗೆಳೆಯ ಚಾಕು ಕೆಳಗಿಟ್ಟು, "ಎದೆ ನೋವಾ? ಆಂಬುಲೆನ್ಸ್ ಕರೆಸಲಾ?" ಅಂದ. ಅವತ್ತು ರಾತ್ರಿ ನನಗೆ ನಿಜವಾಗಿಯೂ ಎದೆ ನೋವು ಬಂತು.

ಹೀಗಿರುವಾಗ ಚಿಕ್ಕಪ್ಪನ ಮಗಳ ಮದುವೆಗೆಂದು ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದೆ. ಯಳಂದೂರಿನ ಛತ್ರದಲ್ಲಿ ಆರತಕ್ಷತೆ. ಯಾರೋ ಮೈಕು ಕೊಟ್ಟರು. ಅದೇ ಕಂಡಕ್ಟರನ್ನು ಬಿಟ್ಟೆ. ಊಟದ ಪಂಕ್ತಿಯಲ್ಲಿ ಕೂತ ಮುದುಕರೊಬ್ಬರಿಗೆ ಪಾಯಸ ನೆತ್ತಿಗೇರಿತು, ಮದುಮಗ ಮದುಮಗಳನ್ನು ಬಿಟ್ಟು ನನ್ನನ್ನು ನೋಡಿ ನಕ್ಕ. ಆ ನಗು ಕೇಳಿದವನು ಮತ್ತೆ ಈರುಳ್ಳಿ ಹೆಚ್ಚಲು ಹೋಗುತ್ತಾನೆಯೇ? "ಮುಂದಿನ ತಿಂಗಳು ಹೋದರಾಯಿತು" ಅಂದುಕೊಂಡೆ. ಆ ಮುಂದಿನ ತಿಂಗಳು ಬರುವಷ್ಟರಲ್ಲಿ ವರ್ಷಗಳು ಬಂದು ಹೋದವು.

ನನ್ನ ಧೈರ್ಯಕ್ಕೆ ಕಾರಣ ನಮ್ಮ ಕೊಳ್ಳೇಗಾಲದ ಬಸ್ ನಿಲ್ದಾಣ. ಅಮಾವಾಸ್ಯೆಯ ಹಿಂದಿನ ದಿನ ಅಲ್ಲಿಗೆ ಬಂದು ನೋಡಿ. ಮಾದೇಶ್ವರನ ಬೆಟ್ಟದ ಬಸ್ಸು ಇನ್ನೂ ನಿಂತಿರುವುದಿಲ್ಲ, ಆಗಲೇ ಕಿಟಕಿಗಳ ಮೂಲಕ ಟವೆಲುಗಳ ಮಳೆ. ಟವೆಲ್ ಬಿದ್ದ ಸೀಟು ಟವೆಲಿನವನದು. ಅವನು ಆಮೇಲೆ ಟೀ ಕುಡಿಯಬಹುದು, ಹೂವು ಕೊಳ್ಳಬಹುದು, ಬೀಗರ ಜೊತೆ ಜಗಳ ಆಡಿ ಬರಬಹುದು. ಆ ಸೀಟಿನಲ್ಲಿ ಇನ್ನೊಬ್ಬ ಕೂರುವಂತಿಲ್ಲ. ಸಂವಿಧಾನ ಓದದವರೂ ಪಾಲಿಸುವ ಕಾನೂನು ಅದು. ನಾನು ಕೆನಡಾಕ್ಕೂ ಟವೆಲ್ ಹಾಕಿ ಬಂದಿದ್ದೇನೆ ಎಂದೇ ತಿಳಿದಿದ್ದೆ. ಅದರ ಮೇಲೆ, ‘ಪರ್ಮನೆಂಟ್’ ಎಂಬ ಮಾತಿಗೆ ನಮ್ಮ ಕಡೆ ಇರುವ ತೂಕ ನಿಮಗೆ ಗೊತ್ತಲ್ಲ. ಒಬ್ಬ ಮೇಷ್ಟ್ರು ಪರ್ಮನೆಂಟ್ ಆದ ಅಂದರೆ ಅವನು ಶಾಲೆಗೆ ಬಂದರೂ ಬರದಿದ್ದರೂ ಪರ್ಮನೆಂಟೇ. ಐದು ವರ್ಷದಲ್ಲಿ ಎರಡು ವರ್ಷವಾದರೂ ಅಲ್ಲಿ ಹೋಗಿ ಇದ್ದರೆ ಮಾತ್ರ ಪರ್ಮನೆಂಟ್ ಎಂದು ಕಾರ್ಡು ಕೊಡುವಾಗ ಅವರು ಹೇಳಿಯೇ ಇದ್ದರು. ಕೊಳ್ಳೇಗಾಲದವನ ಕಿವಿಗೆ ಅಂಥ ಮಾತು ಹೋಗುವುದಿಲ್ಲ.

ಅವ್ವನಂತೂ ನನ್ನ ಪದವಿಯನ್ನು ನೀರಿನ ನಲ್ಲಿಯ ಹತ್ತಿರ ನಿತ್ಯ ಬೆಳಗುತ್ತಿದ್ದಳು. "ನನ್ ಮಗ ಅಲ್ಲಿ ಪರ್ಮನೆಂಟು ಕಣವ್ವ. ಮನ್ಸಾದಾಗ ಓಯ್ತಾನೆ, ಮನ್ಸಾದಾಗ ಬತ್ತಾನೆ." ಮೊದಲನೆಯ ಭಾಗ ಯಾವತ್ತೂ ನಡೆಯದಿದ್ದುದನ್ನು ನಲ್ಲಿಯ ಬಳಿ ಯಾರೂ ಕೇಳಲಿಲ್ಲ.

ಈ ನೆಮ್ಮದಿಯನ್ನು ಕೆಡಿಸಿದ್ದು ನನ್ನಕ್ಕ. ಅವಳು ನರ್ಸು. ನನ್ನ ಹಿಂದೆಯೇ ಕೆನಡಾಕ್ಕೆ ಹೋದವಳು, ನನ್ನ ಹಾಗೆ ವಾಪಸ್ಸು ಬಾರದವಳು. ಮದುವೆಯಾಗಿ ಬಹಳ ವರ್ಷಕ್ಕೆ, ಎರಡು ಸಲ ನಿರಾಸೆಯಾದ ಮೇಲೆ ಈಗ ಬಸುರಿ. ಫೋನಿನಲ್ಲಿ ಅವಳು ಹೆಚ್ಚು ಹೇಳಲಿಲ್ಲ. "ಅವ್ವ, ನೀನು ಬಾ" ಅಂದಳು, ಅಷ್ಟೇ. ಅವ್ವನಿಗೆ ಪಾಸ್‌ಪೋರ್ಟು, ವೀಸಾ ಎಲ್ಲ ಆಯಿತು. ಆದರೆ ಮೈಸೂರು ದಾಟದ ಅವ್ವ ಒಬ್ಬಳೇ ವಿಮಾನ ಹತ್ತಲು ಸುತರಾಂ ಒಪ್ಪಲಿಲ್ಲ. ಮದುವೆ ಸೀರೆಯ ಹಾಸುನೂಲು ಮಗ್ಗದ ಮೇಲಿದ್ದುದರಿಂದ ಅಪ್ಪ ಏಳುವಂತಿಲ್ಲ. "ಇವ್ನಿಲ್ವಾ, ಆ ದೇಸ್ದೋನೆ! ಇವನ್ ಜೊತೆಲಿ ಓಯ್ತೀನಿ, ಇಲ್ದಿದ್ರೆ ಇಲ್ಲ" ಎಂದು ಅವ್ವ ತೀರ್ಮಾನ ಹೇಳಿದಳು. ಅಂದರೆ ನಾನು ಹೋಗದಿದ್ದರೆ ಅವ್ವ ಹೋಗುವುದಿಲ್ಲ. ಅವ್ವ ಹೋಗದಿದ್ದರೆ ಆ ಚಳಿಯ ಊರಿನಲ್ಲಿ ಅಕ್ಕನ ಹೆರಿಗೆಗೆ ಗಂಡನನ್ನು ಬಿಟ್ಟರೆ ಯಾರೂ ಇಲ್ಲ.

ಗುಟ್ಟಾಗಿ ಮೈಸೂರಿಗೆ ಹೋಗಿ ವೀಸಾ ಕೆಲಸ ಮಾಡಿಸಿಕೊಡುವ ಒಬ್ಬ ಹೆಂಗಸನ್ನು ಕಂಡೆ. ಅವಧಿ ಮುಗಿದ ನನ್ನ ಕಾರ್ಡನ್ನು ಆಕೆ ಹಳೆಯ ದೋಸೆಯನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದರಲ್ಲಿ ವಿಮಾನ ಹತ್ತೋಕಾಗಲ್ಲ. ಇಷ್ಟು ವರ್ಷ ಹೊರಗಿದ್ದವರಿಗೆ ಹೊಸದೂ ಸಿಗೋದು ಕಷ್ಟ."

"ಹಾಗಾದರೆ ಎಲ್ಲರ ಹಾಗೆ ವಿಸಿಟರ್ ವೀಸಾ ಮಾಡಿಸಿ ಮೇಡಂ."

"ಅದೂ ಕೊಡಲ್ಲ. ಅವರ ಲೆಕ್ಕದಲ್ಲಿ ನೀವಿನ್ನೂ ಅಲ್ಲಿಯ ನಿವಾಸಿ. ಮನೆಯವರಿಗೆ ಯಾರಾದರೂ ನೆಂಟಸ್ತಿಕೆಯ ಕರೆಯೋಲೆ ಕೊಡ್ತಾರಾ? ಮೊದಲು ನಿವಾಸಿ ಅನ್ನೋದಕ್ಕೆ ರಾಜೀನಾಮೆ ಕೊಡಿ. ಆಮೇಲೆ ನೆಂಟರಾಗಿ ಹೋಗಿ."

ನಾನು ಹನೂರಿನ ಮಾವನಿಗೆ ಫೋನು ಮಾಡಿದೆ. ಅವರದು ಪಂಕ್ಚರ್ ಅಂಗಡಿ. ಲೋಕದ ಎಲ್ಲ ಸಂಕಟವನ್ನೂ ಗಾಳಿ ಹೋದದ್ದು, ಗಾಳಿ ತುಂಬುವಂಥದ್ದು ಎಂದು ಎರಡೇ ಪಾಲು ಮಾಡಿದವರು. ಎಲ್ಲ ಕೇಳಿ ಐದು ನಿಮಿಷ ನಕ್ಕರು. "ಬಸ್ಸು ಬೆಟ್ಟ ಅತ್ತಿ ಇಳ್ದು ಡಿಪೋಗೋಯ್ತು. ನೀನಿನ್ನೂ ನನ್ ಟವಲ್ ಎಲ್ಲಿ ಅಂತಿದ್ದೀಯಲ್ಲೋ! ಕೊಟ್ಬುಡ್ಲಾ ರಾಜೀನಾಮೆ. ಸುಮ್ನೆ ಬುಟ್ಬಂದ್ರೆ ನಾಚ್ಕೆ, ಬರ್ದು ಕೊಟ್ರೆ ಗೌರ್ವ."

ಕೊಟ್ಟೆ. ಸತ್ಯ ಹೇಳುತ್ತೇನೆ, ಅವತ್ತು ಮಧ್ಯಾಹ್ನ ಅಂಗಡಿಯಲ್ಲಿ ಯಾರ ಹಾಗೂ ಮೂತಿ ಮುರಿಯಲಿಲ್ಲ. ಮಾತಾಡಿಸದ ದೇಶವಾದರೂ ಅನ್ನ ಹಾಕಿತ್ತು. ಆಮೇಲೆ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಿದರೆ, ಅವರು ಕೇಳುವುದೇನು? ನೀನು ಅಲ್ಲೇ ಉಳಿದುಬಿಡುವುದಿಲ್ಲ, ಹಿಂತಿರುಗುತ್ತೀ ಎಂಬುದಕ್ಕೆ ಏನು ಆಧಾರ ಅಂತ! ಇಷ್ಟು ದಿನ ಇಲ್ಲಿ ಯಾಕೆ ಇರಲಿಲ್ಲ ಅಂತ ಕೋಪ, ಈಗ ಎಲ್ಲಿ ಇದ್ದುಬಿಡುತ್ತಾನೋ ಅಂತ ಭಯ. ಬೇರೆಯವರು ಅಜ್ಜೀಪುರದ ಹೊಲ, ಯಳಂದೂರಿನ ಸೈಟು ತೋರಿಸುತ್ತಾರೆ. ನಾನು ಇದ್ದದ್ದನ್ನೇ ಬರೆದೆ: ಸ್ವಾಮಿ, ಸಾಯುವವರೆಗೂ ಇರು ಎಂದು ನೀವೇ ಕೇಳಿಕೊಂಡಾಗ ಇರದವನು, ಈಗ ನಿಮ್ಮ ಕಣ್ಣು ತಪ್ಪಿಸಿ ಇರುತ್ತೇನೆಯೇ? ಮೈಸೂರಿನ ಮೇಡಂ ಹಣೆ ಚಚ್ಚಿಕೊಂಡರು. ವೀಸಾ ಬಂತು.

ಅವ್ವನಿಗೆ ಮಾತ್ರ ಒಂದಕ್ಷರವೂ ಹೇಳಲಿಲ್ಲ. ಬೈಗುಳಕ್ಕೆ ಹೆದರಿ ಅಲ್ಲ, ಅದು ನನಗೆ ನಿತ್ಯದ ಉಪ್ಪಿಟ್ಟು. ‘ಆ ದೇಶದವನು’ ಎಂಬ ನಂಬಿಕೆಯ ಮೇಲೆ ಹೊರಟವಳು, ಜೊತೆಗಿರುವವನೂ ತನ್ನಂತೆಯೇ ನೆಂಟ ಎಂದು ತಿಳಿದರೆ ಬೆಂಗಳೂರಿನಿಂದಲೇ ವಾಪಸ್ಸು ಬಸ್ಸು ಹತ್ತಿಬಿಡುತ್ತಾಳೆಂಬ ದಿಗಿಲು. ರಾಗಿ ಸರಿಯ ಹಿಟ್ಟು, ಮೆತ್ತನೆಯ ಹಳೆ ಸೀರೆಗಳು, ನನ್ನ ಗುಟ್ಟು, ಮೂರನ್ನೂ ಕಟ್ಟಿಕೊಂಡು ವಿಮಾನ ಹತ್ತಿದೆವು.

ಟೊರಾಂಟೊದಲ್ಲಿ ಇಳಿದಾಗ ಅಕ್ಕನ ಗಂಡನ ಸಂದೇಶ: ಅವಳಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇನೆ, ಹೊರಗೆ ಗೆಳೆಯನೊಬ್ಬ ಕಾರು ತಂದಿದ್ದಾನೆ. ಅವ್ವ ಇಮಿಗ್ರೇಷನ್ ಸಾಲನ್ನು ಸೀಳಿಕೊಂಡು ಹೋಗುವವಳೇ. ಸೆರಗು ಹಿಡಿದು ನಿಲ್ಲಿಸಿದೆ. ನಮ್ಮ ಸರದಿ ಬಂತು. ಕೌಂಟರಿನಲ್ಲಿದ್ದ ಎತ್ತರದ ಅಧಿಕಾರಿ ಕಂಪ್ಯೂಟರ್ ನೋಡಿದ, ನನ್ನನ್ನು ನೋಡಿದ, ಮತ್ತೆ ಕಂಪ್ಯೂಟರ್ ನೋಡಿದ. ನೀನು ಇಲ್ಲಿಯ ಖಾಯಂ ನಿವಾಸಿಯಾಗಿದ್ದೆ, ಯಾಕೆ ಬಿಟ್ಟುಕೊಟ್ಟೆ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಏನಂತೆ ಕಣ್ಲಾ?" ಅವ್ವ.

"ಪ್ರಯಾಣ ಸುಖವಾಗಿತ್ತಾ ಅಂತಾನೆ."

"ಕಾಲು ಊದ್ಕಂಡವೆ ಅನ್ನು."

ನಾನು ಅಭ್ಯಾಸಬಲದಿಂದ ಅವ್ವನ ಧ್ವನಿಯಲ್ಲೇ, ಅವಳ ಹಾಗೆಯೇ ಸೊಂಟಕ್ಕೆ ಕೈ ಕೊಟ್ಟು, "ತಾಯಿಯ ಕಾಲು ಊದಿದೆ" ಎಂದು ಇಂಗ್ಲಿಷಿನಲ್ಲಿ ಅಂದೆ. ಅವನು ಕೇಳಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಧ್ವನಿ ಬೇರೆ ಇದ್ದಕ್ಕಿದ್ದಂತೆ ಹೆಂಗಸಿನದಾಗಿದೆ. ಅವನ ಹುಬ್ಬು ಕೂದಲಿಗೆ ಹೋಗಿ ಸೇರಿತು. ನಿನ್ನ ತಾಯಿಯನ್ನೇ ಕೇಳುತ್ತೇನೆ, ಆಕೆಗೆ ಯಾವ ಭಾಷೆ ಬರುತ್ತದೆ ಅಂದ. ಕನ್ನಡ ಬಲ್ಲವರು ಅಲ್ಲಿ ಎಲ್ಲಿಂದ ಬರಬೇಕು ಎಂಬ ಧೈರ್ಯದಲ್ಲಿ, "ಕನ್ನಡ ಒಂದೇ" ಎಂದೆ. ಅಷ್ಟರಲ್ಲಿ ಪಕ್ಕದ ಕೌಂಟರಿನಿಂದ, ಹಣೆಗೆ ಸಣ್ಣ ಬೊಟ್ಟಿಟ್ಟ ಒಬ್ಬ ಅಧಿಕಾರಿಣಿ ಇತ್ತ ಬಂದು, ತಮಿಳು ಬರುತ್ತದೆಯೇ ಅಮ್ಮ ಎಂದು ತಮಿಳಿನಲ್ಲಿ ಕೇಳಿದರು.

ಒಂದು ಸಂಗತಿ ಮರೆತಿದ್ದೆ. ಅವ್ವನ ತವರು ಗೋಪಿನಾಥಂ. ಕಾಡಿನಾಚೆ ತಮಿಳುನಾಡು, ಅವಳು ಕುಂಟಾಬಿಲ್ಲೆ ಆಡಿದ್ದೇ ತಮಿಳಿನಲ್ಲಿ. ಟೊರಾಂಟೊದ ವಿಮಾನ ನಿಲ್ದಾಣದಲ್ಲಿ ತವರಿನ ಮಾತು ಕೇಳಿ ಅವಳ ಮುಖ ಅರಳಿತು. ಇಬ್ಬರೂ ಹೊಳೆಯ ದಡದಲ್ಲಿ ಕೂತವರಂತೆ ಶುರು ಮಾಡಿದರು. ಮಗಳಿಗೆ ನೋವು ಬಂದದ್ದು, ಎರಡು ಸಲ ಕೈತಪ್ಪಿದ್ದು ಎಲ್ಲ ಅವ್ವ ಹೇಳಿದಳು. ಆಕೆ ಅವ್ವನ ಕೈ ಹಿಡಿದುಕೊಂಡರು. ಆಮೇಲೆ ಕೆಲಸದ ಮಾತಿಗೆ ಬಂದು, ಕಂಪ್ಯೂಟರಿನಲ್ಲಿದ್ದ ನನ್ನ ಕಥೆಯನ್ನೆಲ್ಲ ಮೆತ್ತಗೆ, ಸ್ವಚ್ಛ ತಮಿಳಿನಲ್ಲಿ ಅವ್ವನ ಮುಂದೆ ಬಿಡಿಸಿಟ್ಟರು. ಅವ್ವ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ರಾಜೀನಾಮೆ ಕೊಟ್ಟಿದ್ದೀಯಾ?"

"ಹೂಂ."

"ನಲ್ಲಿತಾವ ಎಲ್ರಿಗೂ ಏಳ್ಕಂಡು ತಿರುಗ್ತಿದ್ನಲ್ಲೋ, ಆಗ ಬಾಯಿಗೇನ್ ಇಟ್ಕಂಡಿದ್ದೆ?"

"ಹೇಳಿದರೆ ನೀನು ಹೊರಡುತ್ತಿರಲಿಲ್ಲವಲ್ಲ ಅವ್ವ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಎತ್ತರದವನು ಕೊನೆಯ ಪ್ರಶ್ನೆ ಹಾಕಿದ, ಆಕೆ ಅದನ್ನು ತಮಿಳಿಗೆ ತಂದರು: ಬಾಣಂತನ ಮುಗಿದ ಮೇಲೆ ಇವನು ನಿಮ್ಮ ಜೊತೆ ಹಿಂತಿರುಗುತ್ತಾನೆ ಅಂತ ಹೇಗೆ ನಂಬುವುದು? ಇಲ್ಲೇ ಉಳಿದುಬಿಟ್ಟರೆ? ಅವ್ವನ ಸಿಟ್ಟು ತಮಿಳಿನಲ್ಲಿ ಹಿಡಿಸುವಷ್ಟು ಸಣ್ಣದಿರಲಿಲ್ಲ. ಕನ್ನಡಕ್ಕೇ ಇಳಿದಳು. "ನಾನೇಳೋದ್ನ ನೀನೇ ಅಂಗಂಗೇ ಇಂಗ್ಲೀಸಲ್ಲಿ ಏಳು. ಒಂದ್ ಮಾತು ಆಚೀಚೆ ಆದ್ರೆ ಈಯಮ್ಮಂಗೆ ತಮಿಳಲ್ಲಿ ಏಳ್ತೀನಿ" ಎಂದು ನನಗೆ ಬೆರಳು ತೋರಿಸಿದಳು. ಊರವರನ್ನೆಲ್ಲ ಆಡಿಕೊಂಡು ಬದುಕಿದವನು ನಾನು. ಮೊದಲ ಸಲ ನನ್ನನ್ನೇ, ಅವ್ವನ ಮಾತಿನಲ್ಲಿ, ಅಣಕಿಲ್ಲದೆ ಆಡಿ ತೋರಿಸಬೇಕಾಯಿತು. ಕೈಕಟ್ಟಿ ನಿಂತು ಒಂದೊಂದೇ ಮಾತನ್ನು ಇಂಗ್ಲಿಷಿಗೆ ಇಳಿಸಿದೆ. ಆ ಎತ್ತರದವನು ಮೊದಲ ಸಲ ನಕ್ಕ, ನಗುತ್ತಲೇ ಎರಡೂ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ. ಅವ್ವ ಹೇಳಿದ್ದು ಇಷ್ಟು:

"ಸಾ, ಇವ್ನು ಇರು ಅಂದ್ರೆ ಓಯ್ತಾನೆ, ಓಗು ಅಂದ್ರೆ ಇರ್ತಾನೆ, ಉಟ್ಟಿದಾಗಿಂದ್ಲೂ ಇಂಗೇ. ನಿಮ್ಗೆ ಅಷ್ಟು ಭಯ ಇದ್ರೆ ಇನ್ನೊಂದ್ ಸಲ ‘ಇಲ್ಲೇ ಇರು’ ಅಂತ ಬರ್ಕೊಟ್ಬುಡಿ, ನಾಳೆ ಒತ್ತಾರೆಗೆಲ್ಲ ಕೊಳ್ಳೇಗಾಲದಲ್ಲಿರ್ತಾನೆ!"