ಕೆರೆಕೋಡಿ ಬೀದಿಯ ಲೊಟಲೊಟಾಸುರ ಸಂಹಾರ

ಯಾವ ಯುಗದಲ್ಲಿ ಪ್ಲಾಸ್ಟಿಕ್ ಕುರ್ಚಿಯು ಮದುವೆ ಛತ್ರದಿಂದ ಹಿಡಿದು ತಿಥಿಮನೆಯ ಶಾಮಿಯಾನದವರೆಗೆ ಸಮಸ್ತ ಭೂಮಂಡಲವನ್ನು ಏಕಚಕ್ರಾಧಿಪತ್ಯದಿಂದ ಆಳುತ್ತಿತ್ತೋ, ಯಾವ ಯುಗದಲ್ಲಿ ಕರೆಂಟು ಹೋದರೆ ಗರಗಸಕ್ಕೂ ಪ್ರಾಣ ಹೋಗುತ್ತದೆಂದು ನರರು ನಂಬಿದ್ದರೋ, ಯಾವ ಯುಗದಲ್ಲಿ ಹನ್ನೊಂದು ವರ್ಷದ ಮಗುವಿನ ಕೈಗೆ ಮೊಬೈಲು ಕೊಡಬಹುದು, ಆದರೆ ಉಳಿ ಕೊಡಬಾರದೆಂಬ ಶಾಸ್ತ್ರವಿತ್ತೋ, ಆ ಘೋರ ಕಲಿಯುಗದ ಒಂದು ಭಾನುವಾರ, ಬೆಳಗ್ಗೆ ಒಂಬತ್ತಕ್ಕೆ, ತಿಪಟೂರಿನ ಕೆರೆಕೋಡಿ ಬೀದಿಯಲ್ಲಿ ಮೊದಲಾದ ಮಹಾಸಂಗ್ರಾಮವನ್ನು ಹೇಳಹೊರಟಿದ್ದೇನೆ. ತಾಯಿ ವಾಗ್ದೇವಿ, ನನ್ನ ನಾಲಗೆಯ ಮೇಲೆ ಬಂದು ನಿಲ್ಲು. ಮರದ ಹೊಟ್ಟು ಹಾರುವ ಜಾಗ, ನಡುವೆ ಸೀನು ಬಂದರೆ ಕ್ಷಮಿಸು.

ಆ ಬೀದಿಯ ಕಟ್ಟಕಡೆಯ ಹೆಂಚಿನ ಕೊಟ್ಟಿಗೆಯಲ್ಲಿ ವಿರಾಜಮಾನರಾಗಿದ್ದವರು ಗರಗಸಪಾಣಿ, ಕರ್ಣಮೂಲಪೆನ್ಸಿಲಧಾರಿ, ತಾಂಬೂಲರಾಗರಂಜಿತಾಧರ ವೀರಾಚಾರ್ಯರು. ಮಕ್ಕಳ ಬಾಯಲ್ಲಿ ಆಚಾರ್ ತಾತ. ಎಪ್ಪತ್ತೊಂದು ವರ್ಷ. ಒಂದು ಕಾಲಕ್ಕೆ ಅರ್ಧ ಊರಿನ ಬಾಗಿಲು ಅವರ ಕೈಯದು. ಈಗ ಬಾಗಿಲುಗಳು ಅಂಗಡಿಯಿಂದ ರೆಡಿಮೇಡ್ ಬರುತ್ತವೆ, ತಾತನ ಹತ್ತಿರ ಯಾರೂ ಬರುವುದಿಲ್ಲ. ಹೀಗಿರಲು ಒಂದು ದಿನ ಕಳೆದುಹೋದ ಚೆಂಡು ಹುಡುಕಿಕೊಂಡು ಮೂರು ಮಕ್ಕಳು ಕೊಟ್ಟಿಗೆಗೆ ನುಗ್ಗಿದರು. ಚೆಂಡು ಸಿಕ್ಕಿತು, ಆದರೂ ಹೋಗಲಿಲ್ಲ. ಅಂದಿನಿಂದ ಭಾನುವಾರ ಬಂತೆಂದರೆ ತಾತ ಆರು ಗಂಟೆಗೇ ಎದ್ದು ಕೊಟ್ಟಿಗೆ ಗುಡಿಸಿ, ಉಳಿಗಳಿಗೆ ಸಾಣೆ ಹಿಡಿದು, ಬೀದಿಯ ಕಡೆ ನೋಡುತ್ತ ಕೂರುತ್ತಿದ್ದರು. ಕೇಳಿದರೆ ಇಲ್ಲವೆನ್ನುತ್ತಾರೆ. ನಾನು ಕಣ್ಣಾರೆ ಕಂಡವನು.

ಈ ಗುರುವಿನದು ಕಠೋರ ವ್ರತ. ಪ್ರಳಯವೇ ಆದರೂ ಶಿಷ್ಯರು ಮಾಡುವ ವಸ್ತುವನ್ನು ತಾವು ಮುಟ್ಟರು. ಬೆನ್ನಹಿಂದೆ ಕೈಕಟ್ಟಿ ನಿಂತು, ಕೆಲಸ ಸರಿಯಿದ್ದರೆ "ಹ್ಞೂಂ", ತಪ್ಪಿದ್ದರೆ "ಊಹೂಂ" ಎನ್ನುವರು. ಬಾಯಿ ತುಂಬ ಎಲೆಯಡಿಕೆ ಇರುತ್ತಿದ್ದುದರಿಂದ ಈ ಎರಡು ಬೀಜಾಕ್ಷರಗಳಲ್ಲೇ ಸಮಸ್ತ ಬಡಗಿವಿದ್ಯೆಯೂ ಅಡಗಿತ್ತು.

ಇನ್ನು ವೀರರು. ಅಳತೆಟೇಪನ್ನು ಕಂಠಾಭರಣವಾಗಿ ಧರಿಸಿದ, ಎರಡು ಜಡೆಯ ಮೋನಿಷಾ ಸೇನಾನಾಯಕಿ. ಕೊಡತಿಪ್ರಹಾರಪ್ರಚಂಡನಾದ ಲಿಖಿತನು ಹೊಡೆಯಬೇಕಾದ್ದನ್ನೂ ಹೊಡೆಯಬಾರದ್ದನ್ನೂ ಮರದ ಕೊಡತಿಯಿಂದ ಸಮಾನಭಾವದಲ್ಲಿ ಹೊಡೆಯುವನು. ಉಪ್ಪುಕಾಗದಘರ್ಷಣಧುರಂಧರನಾದ ಇರ್ಫಾನನು ಒಮ್ಮೆ ಮರ ಉಜ್ಜತೊಡಗಿದರೆ ಊಟಕ್ಕೆ ಕರೆದರೂ ಕೇಳಿಸಿಕೊಳ್ಳನು.

ಮೋನಿಷಾಳ ತಾಯಿ ಶಶಿಕಲಮ್ಮ ಹಿಂದಿನ ಭಾನುವಾರ ರಾಜಾಜ್ಞೆ ಹೊರಡಿಸಿದ್ದರು. ಎರಡು ತಿಂಗಳಿಂದ ಮಗಳು ಮನೆಗೆ ತಂದದ್ದು ಬಟ್ಟೆಗಂಟಿದ ಹೊಟ್ಟು ಮಾತ್ರ. ಬರುವ ಭಾನುವಾರ ಮಧ್ಯಾಹ್ನ ಹನ್ನೆರಡರೊಳಗೆ ಮನುಷ್ಯರು ಅಲ್ಲಾಡದೆ ಕೂರುವಂಥದ್ದು ಒಂದಾದರೂ ಆಗಬೇಕು. ಇಲ್ಲವಾದರೆ ಅದರ ಮುಂದಿನ ಭಾನುವಾರದಿಂದ ಅಬಾಕಸ್ ಕ್ಲಾಸು. ಮಣಿ ಆಚೆ ತಳ್ಳಿ ಈಚೆ ಎಳೆಯುವುದು ಯಾವ ಪುರುಷಾರ್ಥಕ್ಕೋ ನನಗೆ ತಿಳಿಯದು, ಇರಲಿ. ಶಶಿಕಲಮ್ಮ ಕೊಡೆ ಬಿಚ್ಚಿದರೆ ಬೀದಿಯೆಲ್ಲ ಮಳೆಯೆನ್ನುತ್ತಿತ್ತು. ಮೋನಿಷಾ ಹೋದರೆ ಲಿಖಿತನೂ ಇರ್ಫಾನನೂ ಅವಳ ಹಿಂದೆಯೇ ಹೋಗುವವರು. ಆಮೇಲೆ ತಾತ ಗುಡಿಸಿದ ಕೊಟ್ಟಿಗೆಯಲ್ಲಿ ತಾತ ಒಬ್ಬರೇ.

ಆದಕಾರಣ ವೀರತ್ರಯವು ಎಂಟು ಭಾನುವಾರ ಬೆವರು ಸುರಿಸಿ ಕಟ್ಟಿದ ಸ್ಟೂಲು ಅಂದು ಯುದ್ಧಸನ್ನದ್ಧವಾಗಿತ್ತು. ಹಳೆ ಬಾಗಿಲುವಾಡದ ಹಲಸು, ಒಂದೂವರೆ ಅಡಿ ಎತ್ತರ, ಒಂದೂ ಮೊಳೆಯಿಲ್ಲ. ಪ್ರತಿ ಕಾಲಿನ ತುದಿಯನ್ನು ನಾಲಗೆಯಂತೆ ಕೊರೆದು ಹಲಗೆಯ ತೂತಿಗೆ ಬಿಗಿದದ್ದು. ನಾಲ್ಕು ಕಾಲೂ ಟೇಪಿನ ಮುಂದೆ ಸರಿಸಮ. ಉಳಿದದ್ದು ಒಪ್ಪುಗಲ್ಲಿನ ಪರೀಕ್ಷೆಯೊಂದೇ.

ಒಪ್ಪುಗಲ್ಲೆಂದರೆ ಕೊಟ್ಟಿಗೆಯ ನಡುವೆ ಇದ್ದ, ಎರಡಡಿ ಚೌಕದ ಕರಿಯ ಚಪ್ಪಡಿ. ತಾತನ ಅಪ್ಪನ ಕಾಲದ್ದು. ಆ ಮನೆತನದಲ್ಲಿ ಮಾಡಿದ ಮಣೆ, ಸ್ಟೂಲು, ಕುರ್ಚಿ, ಯಾವುದೇ ಆಗಲಿ, ಆ ಕಲ್ಲಿನ ಮೇಲೆ ಕಾಲೂರಿ ಅಲ್ಲಾಡದೆ ನಿಂತ ಹೊರತು ಹೊಸಿಲು ದಾಟುವಂತಿಲ್ಲ. ದಿನಾ ಬೆಳಗ್ಗೆ ತಾತ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುವರು. ದೇವರನ್ನಾದರೂ ಅನುಮಾನಿಸಬಹುದು, ಆ ಕಲ್ಲನ್ನು ಅನುಮಾನಿಸಿದವರಿಲ್ಲ.

ಸೇನಾನಾಯಕಿಯು ಸ್ಟೂಲನ್ನು ಎರಡೂ ಕೈಯಿಂದ ಎತ್ತಿ ಕಲ್ಲಿನ ಮೇಲಿಟ್ಟು ಮೇಲಿನಿಂದ ಒತ್ತಿದಳು.

ಲೊಟಕ್.

ದಿಗ್ದಂತಿಗಳು ಘೀಳಿಟ್ಟವು, ಅಥವಾ ಬೀದಿಯಲ್ಲಿ ಗೂಡ್ಸ್ ಆಟೋ ಹಾರ್ನ್ ಹೊಡೆಯಿತು. ಚತುಷ್ಪಾದಾಸನಗಳ ಪಾದಮೂಲದಲ್ಲಿ ಅಡಗಿ ಸಜ್ಜನರ ಸೊಂಟ ಮುರಿಯುವ ಲೊಟಲೊಟಾಸುರನು ಪ್ರತ್ಯಕ್ಷನಾಗಿದ್ದನು. ಗುರುಗಳು "ಊಹೂಂ" ಎಂದರು.

ಆಗ ಲಿಖಿತವೀರನು, ಎಲವೋ ದಾರುದೇಹಗೂಢನೇ, ಕ್ಷಣಮಾತ್ರದಲ್ಲಿ ನಿನ್ನ ಪಾದಚ್ಛೇದವನ್ನು ಮಾಡಿ ಈ ಕೊಟ್ಟಿಗೆಯನ್ನು ನಿಷ್ಕಂಟಕಗೊಳಿಸದಿದ್ದರೆ ನಾನು ನನ್ನ ತಂದೆಗೆ ಮಗನೇ ಅಲ್ಲ, ಎಂಬ ಅರ್ಥ ಬರುವಂತೆ, "ಕೊಡ್ರೋ ಇಲ್ಲಿ, ನಾನ್ ಕೊಯ್ತೀನಿ" ಎಂದನು. ಯಾವ ಕಾಲು ಉದ್ದವೆಂದು ಮೋನಿಷಾ ಕಣ್ಣು ಕಿರಿದು ಮಾಡಿ ನೋಡಿ ಪೆನ್ಸಿಲಿನಿಂದ ಗುರುತು ಹಾಕಿದಳು. ಕೊಯ್ಯಬೇಕಾದದ್ದು ಬೆಂಕಿಕಡ್ಡಿಯ ದಪ್ಪದಷ್ಟು. ಆದರೆ ಕೈಗರಗಸಕ್ಕೂ ಒಂದು ಮರ್ಯಾದೆ ಇದೆ, ಬೆರಳಗಲಕ್ಕಿಂತ ಕಡಿಮೆ ಕೊಯ್ಯೆಂದರೆ ಅದು ಜಾರುತ್ತದೆ. ಒಂದು ಕಾಲು ಬೆರಳಗಲ ಹೋಯಿತು. ಅದಕ್ಕೆ ಸರಿಯಾಗಿ ಉಳಿದ ಮೂರೂ ಬೆರಳಗಲ ಹೋದವು. ಇರ್ಫಾನನು ನಾಲ್ಕೂ ಪಾದಗಳನ್ನು ಉಜ್ಜಿ ಕನ್ನಡಿ ಮಾಡಿದನು. ಮತ್ತೆ ಕಲ್ಲಿನ ಮೇಲಿಟ್ಟರು.

ಲೊಟಕ್. ಈ ಸಲ ಬೇರೆ ಕಾಲು.

ಕೇಳುವವರು ಗಮನಿಸಬೇಕು. ಸ್ಟೂಲಿಗೆ ಮುಖವಿಲ್ಲ, ಬೆನ್ನಿಲ್ಲ. ಎತ್ತಿ ಕೊಯ್ದು ಮತ್ತೆ ಇಡುವಾಗ ಯಾವ ಕಾಲು ಯಾವ ಮೂಲೆಗೆ ಬಂತೆಂದು ಯಾರೂ ನೋಡಲಿಲ್ಲ. ಅಸುರನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾರುತ್ತಿದ್ದಾನೆಂದೇ ವೀರರು ತಿಳಿದರು. ಹತ್ತೂವರೆಗೆ ಸ್ಟೂಲು ಒಂದಡಿಗಿಳಿಯಿತು. ಹನ್ನೊಂದಕ್ಕೆ ಗೇಣಾಯಿತು. ಕತ್ತರಿಸಿದ ಕಾಲುಗಳ ತುಂಡುಗಳು ರಣಾಂಗಣದ ತುಂಬ ಬಿದ್ದಿದ್ದವು. ಲಿಖಿತನ ತೋಳು ಸೋತಿತು, ಇರ್ಫಾನನ ಉಪ್ಪುಕಾಗದ ಬರೀ ಕಾಗದವಾಯಿತು, ಮೋನಿಷಾಳ ಪೆನ್ಸಿಲು ಮೊಂಡಾಯಿತು. ಗುರುಗಳಾದರೂ ಏನು ಮಾಡಿಯಾರು? ಬೆನ್ನಹಿಂದೆ ಕಟ್ಟಿದ ಕೈಯನ್ನು ಕೈಯೇ ಹಿಸುಕುತ್ತ, ವ್ರತಕ್ಕೂ ಕರುಳಿಗೂ ನಡುವೆ ಸಿಕ್ಕಿಬಿದ್ದು, ಪ್ರತಿ ಸಲವೂ ಮೊದಲಿಗಿಂತ ಮೆಲ್ಲಗೆ "ಊಹೂಂ" ಎನ್ನುತ್ತಿದ್ದರು.

ಹನ್ನೆರಡಕ್ಕೆ ಐದು ನಿಮಿಷವಿರಲು, ಆರು ಬೆರಳೆತ್ತರದ ಸ್ಟೂಲು ಒಪ್ಪುಗಲ್ಲಿನ ಮೇಲೆ ನಿಂತಿತು. ಒತ್ತಿದರು. ಒರಗಿದರು. ಲಿಖಿತನು ಹತ್ತಿ ಕುಣಿದನು. ಬಂಡೆ ಅಲ್ಲಾಡೀತು, ಅದು ಅಲ್ಲಾಡದು.

"ಹ್ಞೂಂ" ಎಂದರು ಗುರುಗಳು. ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂಗಿದ ಕೂಗಿಗೆ ಹೆಂಚಿನ ಮೇಲಿನ ಪಾರಿವಾಳಗಳು ಎದ್ದುಹೋದವು.

ಆ ಕ್ಷಣಕ್ಕೇ ಮಜ್ಜಿಗೆ ಚೊಂಬು ಹಿಡಿದು ಮಂಡಿನೋವಿನ ಮಂದಗಮನೆ ಶಶಿಕಲಮ್ಮ ಕೊಟ್ಟಿಗೆ ಪ್ರವೇಶಿಸಿದರು. ಕೋಪ ಬೇರೆ, ಬಿಸಿಲ ಹೊತ್ತಲ್ಲಿ ದುಡಿಯುವ ಮಕ್ಕಳ ಬಾಯಾರಿಕೆ ಬೇರೆ ಎಂದು ತಿಳಿದ ಹೆಂಗಸು. ಸ್ಟೂಲನ್ನು ನೋಡಿ, ಉಳಿದದ್ದು ಎಲ್ಲಿ ಎಂದು ಕೇಳಿದರು. ಚೊಂಬನ್ನು ಲಿಖಿತನ ಕೈಗಿತ್ತು, ಸ್ಟೂಲನ್ನೆತ್ತಿ ಬಾಗಿಲ ಬಳಿಯ ಸಿಮೆಂಟು ನೆಲದ ಮೇಲಿಟ್ಟು ಅಂಗೈಯಿಂದ ಒತ್ತಿದರು.

ಲೊಟಕ್.

ಬೆಚ್ಚಿದ ಲಿಖಿತನ ಕೈಯಿಂದ ಚೊಂಬು ಜಾರಿ ಒಪ್ಪುಗಲ್ಲಿನ ಮೇಲೆ ಬಿತ್ತು. ಮಜ್ಜಿಗೆ ಚೆಲ್ಲಿತು. ಚೆಲ್ಲಿದ ಮಜ್ಜಿಗೆ ನಾಲ್ಕೂ ಕಡೆ ಹರಿಯಬೇಕಿತ್ತು, ಹರಿಯಲಿಲ್ಲ. ಕಲ್ಲಿನ ಒಂದು ಮೂಲೆಗೆ ಓಡಿಹೋಗಿ, ಅಲ್ಲಿ ದೋಸೆಯಂತೆ ದುಂಡಗೆ ನಿಂತಿತು.

ತಾತ ಎಲೆಯಡಿಕೆ ಉಗಿದು ಬಂದು ಕಲ್ಲಿನ ಮುಂದೆ ಮಂಡಿಯೂರಿ, ಮಜ್ಜಿಗೆಯಲ್ಲಿ ಬೆರಳದ್ದಿ ಹಳ್ಳದ ಆಳ ನೋಡಿದರು. ಎರಡು ತಲೆಮಾರಿನ ಮಣೆ ಕುರ್ಚಿಗಳನ್ನು ಎಳೆದೆಳೆದು ಆ ಮೂಲೆ ಸವೆದುಹೋಗಿತ್ತು. ದಿನಾ ಕುಂಕುಮ ಹಚ್ಚಿದ ಕೈಗೇ ಅದು ತಿಳಿದಿರಲಿಲ್ಲ. ತಾವು ಒಪ್ಪಿ ಕಳಿಸಿದ ಕುರ್ಚಿ ಸ್ಟೂಲುಗಳ ಕಾಲಡಿಗೆ ಊರವರು ಮಡಿಸಿದ ಕಾಗದ ತುರುಕಿದ್ದನ್ನು ಅವರು ಎಷ್ಟೋ ಮನೆಗಳಲ್ಲಿ ಕಂಡಿದ್ದರು. ಕಂಡಾಗಲೆಲ್ಲ ಅವರವರ ನೆಲ ಸರಿಯಿಲ್ಲವೆಂದು ಗಾರೆಯವರನ್ನು ಬೈದು ಬಂದಿದ್ದರು. ನೆನಪಾದ ಒಂದೊಂದು ಮನೆಗೂ ಅವರ ತಲೆ ಒಂದೊಂದು ಅಂಗುಲ ತಗ್ಗಿತು. ಅದನ್ನು ನೋಡಿ ನನಗೂ ಸಂಕಟವಾಯಿತು, ಸುಳ್ಳೇಕೆ ಹೇಳಲಿ.

"ಮಕ್ಳದೇನೂ ತಪ್ಪಿಲ್ಲ ಕಣಮ್ಮ" ಎಂದರು ತಾತ. "ಕಲ್ಲೇ ಸವ್ದೈತೆ. ಅವ್ರು ಮೊದ್ಲು ಮಾಡ್ದಾಗ್ಲೇ ಸರಿಯಾಗಿತ್ತು. ನಾನೇ ನಿಂತ್ಕೊಂಡು ಕೊಯ್ಸಿ ಹಾಳ್ಮಾಡ್ದೆ. ಕರ್ಕೊಂಡೋಗು, ಎಲ್ಲಾದ್ರೂ ಸರಿಯಾಗಿ ಕಲೀಲಿ."

ಮೋನಿಷಾ ಅಳಲು ಬಾಯಿ ತೆರೆದಳು. ಬಿಸಿಲಲ್ಲಿ ನಡೆದು ಬಂದ ಶಶಿಕಲಮ್ಮನ ಮಂಡಿ ಸೆಳೆಯುತ್ತಿತ್ತು. ಅಲ್ಲಿ ಕೂರಲು ಬೇರೇನೂ ಇರಲಿಲ್ಲ. ಅವರು ಸೆರಗಿನಿಂದ ಮಜ್ಜಿಗೆ ಒರೆಸಿ, ಸ್ಟೂಲನ್ನು ಕಲ್ಲಿನ ಮೇಲಿಟ್ಟು, ಅಲ್ಲಾಡದ ಮಗ್ಗುಲು ಸಿಗುವವರೆಗೆ ತಿರುಗಿಸಿ, ಎರಡೂ ಕೈಯನ್ನು ತೊಡೆಯ ಮೇಲೂರಿ, "ಅಮ್ಮಾ" ಎಂದು ಉಸಿರು ಬಿಟ್ಟು ಕೂತೇಬಿಟ್ಟರು. ಸ್ಟೂಲು ಮಿಸುಕಲಿಲ್ಲ. ಮಹಾರಾಣಿಯು ಸಿಂಹಾಸನಾರೂಢೆಯಾದಳು. ಮಗಳು ಕೊರೆದು ಬಿಗಿದ ಸಂದುಗಳ ಮೇಲೆ ಸುಮ್ಮನೆ ಬೆರಳಾಡಿಸಿ, ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ತಾನೇ ಎಂದಳು ಮೋನಿಷಾ. ತಾತ ಮುಟ್ಟಲೇ ಇಲ್ಲವೆಂದು ಇರ್ಫಾನನು ಅಲ್ಲಾಹುವಿನ ಆಣೆಯಿಟ್ಟನು. ಶಶಿಕಲಮ್ಮ ಇನ್ನೊಂದು ಸಲ ಬೆರಳಾಡಿಸಿದರು.

ಅಷ್ಟರಲ್ಲಿ ಒಲೆಯ ಮೇಲೆ ಹುಳಿ ಬಿಟ್ಟು ಬಂದದ್ದು ನೆನಪಾಗಿ ಏಳಹೋದರು. ಆಗಲಿಲ್ಲ. ಆರು ಬೆರಳಿನ ಪಾತಾಳದಿಂದ ಆ ಮಂಡಿಗಳು ಮೇಲೇಳಲೊಲ್ಲವು. ಇನ್ನೊಮ್ಮೆ ಹವಣಿಸಿ ಸೋತು ಕೈಚಾಚಿದರು. ಒಂದು ಕೈಯನ್ನು ಮೋನಿಷಾ, ಇನ್ನೊಂದನ್ನು ಲಿಖಿತ ಹಿಡಿದರು, ಬೆನ್ನಿಗೆ ಇರ್ಫಾನನು ಹೆಗಲು ಕೊಟ್ಟನು. ಗಜೋದ್ಧಾರವೋ ಭೂಮಿಯ ಉದ್ಧಾರವೋ ಎಂಬಂಥ ಆ ಮಹಾಕಾರ್ಯವು ಮೂರನೆಯ ಎಳೆತಕ್ಕೆ ನೆರವೇರಿತು.

ಎದ್ದು ನಿಂತ ಶಶಿಕಲಮ್ಮ ಸೀರೆಗಂಟಿದ ಹೊಟ್ಟು ಕೊಡವಿಕೊಂಡು, ಇನ್ನೂ ಕಲ್ಲಿನ ಮುಂದೆ ತಲೆತಗ್ಗಿಸಿ ಕೂತಿದ್ದ ತಾತನ ಕಡೆ ತಿರುಗಿದರು.

"ಬರೋ ಭಾನುವಾರ ಕಾಲು ಎತ್ತರ ಇಟ್ಟು ಮಾಡ್ಸಿ ಆಚಾರ್ರೇ. ಇಷ್ಟ್ ಗಿಡ್ಡ ಆದ್ರೆ ನಂಗೆ ಏಳಕ್ಕಾಗಲ್ಲ" ಎಂದು, ಖಾಲಿ ಚೊಂಬು ಎತ್ತಿಕೊಂಡು ಹುಳಿ ನೋಡಲು ಹೋದರು.