ಅತ್ತೆಯ ಗೆಲುವು, ಅಳಿಯನ ಬೀಟಾ

"ಈ ಮನೆಯ ಕಂಪ್ಯೂಟರಿಗೆ ಇಂದಿನಿಂದ ಹೊಸ ಯುಗ!" ಎಂದು ಕನ್ನಡಕದಂಗಡಿಯ ಯಜಮಾನರು ಊಟದ ಮೇಜಿನ ಮುಂದೆ ನಿಂತು ಘೋಷಿಸಿದರು. ಕೇಳಲು ಇದ್ದವಳು ಹೆಂಡತಿಯೊಬ್ಬಳೇ. ಆಕೆ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಹಳೇ ಯುಗಕ್ಕೆ ಏನಾಗಿತ್ತು?"

"ದಿನಾ ಬೆಳಿಗ್ಗೆ 'ನನ್ನನ್ನು ಸರಿಯಾಗಿ ಬಂದ್ ಮಾಡಿಲ್ಲ' ಅಂತ ಗೊಣಗುತ್ತೆ. ಆಮೇಲೆ ಕೂತು ತನ್ನನ್ನೇ ತಪಾಸಣೆ ಮಾಡ್ಕೊಳ್ಳುತ್ತೆ. ಆ ಆಪರೇಟಿಂಗ್ ಸಿಸ್ಟಂಗೆ ವಯಸ್ಸಾಯ್ತು ಕಣೇ! ನಾನು ತರ್ತಿರೋದು ಇನ್ನೂ ಮಾರುಕಟ್ಟೆಗೇ ಬಂದಿಲ್ಲ. ಬೀಟಾ! ಪರೀಕ್ಷೆ ಮಾಡೋಕೆ ಅಂತ ಕೆಲವರಿಗೆ ಮಾತ್ರ ಕೊಡ್ತಾರೆ."

"ಯಾರ್‍ಯಾರಿಗೆ?"

"ಕೇಳಿದವರಿಗೆಲ್ಲ," ಎಂದು ಯಜಮಾನರು ದನಿ ತಗ್ಗಿಸಿದರು.

ಅವರ ಕಾಯಿಲೆ ಅಂಗಡಿಯಿಂದಲೇ ಹತ್ತಿದ್ದು. ದಿನವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಹಿಡಿದು "ಮೊದಲಿನದು ಚೆನ್ನಾಗಿತ್ತೋ, ಇದೋ?" ಎಂದು ಕೇಳಿ ಕೇಳಿ, ಮನೆಯಲ್ಲೂ ಒಂದು ವಸ್ತುವನ್ನು ನೆಮ್ಮದಿಯಾಗಿರಲು ಬಿಡುತ್ತಿರಲಿಲ್ಲ. ಮಂಚ ನಾಲ್ಕೂ ಗೋಡೆಗಳನ್ನು ನೋಡಿ ಬಂದಿತ್ತು. ಹಲ್ಲುಜ್ಜುವ ಪೇಸ್ಟು ಯಾವುದೂ ಮುಗಿದು ಸತ್ತ ದಾಖಲೆಯಿಲ್ಲ.

ಬೀಟಾ ಮೊದಲೇ ಎಚ್ಚರಿಸಿತು: ನಾನಿನ್ನೂ ಪೂರ್ಣಗೊಂಡಿಲ್ಲ, ಮುಖ್ಯವಾದ ಕಂಪ್ಯೂಟರಿಗೆ ನನ್ನನ್ನು ಹಾಕಬೇಡಿ, ಇದ್ದದ್ದೆಲ್ಲ ಅಳಿಸಿಹೋಗಬಹುದು. ಯಜಮಾನರು ಓದದೆಯೇ ಒಪ್ಪಿದರು.

"ರೀ, ಅಮ್ಮನ ಇಸ್ಪೀಟು ಅದರಲ್ಲಿದೆ, ನೆನಪಿರಲಿ!"

"ಇಸ್ಪೀಟು ಎಲ್ಲಿಗೆ ಹೋಗುತ್ತೆ?"

ಹೋಯಿತು! ಕುರುಹೂ ಇಲ್ಲದಂತೆ ಹೋಯಿತು.

ಅದು ಅಂತಿಂಥ ಇಸ್ಪೀಟಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತರಾದ ಅತ್ತೆ, ಮಧ್ಯಾಹ್ನಗಳಲ್ಲಿ ಒಬ್ಬರೇ ಕೂತು ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆಟ. ಮುನ್ನೂರ ಹನ್ನೆರಡು ಗೆಲುವು, ಒಂದೂ ಸೋಲಿಲ್ಲ! ಅವರ ಅಕ್ಕ ಇದನ್ನು ನಂಬಿರಲಿಲ್ಲ. ಅದಕ್ಕೇ ಅತ್ತೆ ಸ್ವತಃ ಅಕ್ಕನ ಮನೆಗೆ ಹೋಗಿ, "ಮುಂದಿನ ವಾರ ಬಂದು ಕಣ್ಣಾರೆ ನೋಡು" ಎಂದು ಆಹ್ವಾನ ಕೊಟ್ಟಿದ್ದರು. ಭಾನುವಾರ ಹಿಂತಿರುಗುವವರಿದ್ದರು.

"ಅಮ್ಮನ ಮಾನ ಹೋಯ್ತು," ಎಂದಳು ಹೆಂಡತಿ. "ದೊಡ್ಡಮ್ಮ ಬಂದು ಏನನ್ನ ನೋಡ್ತಾರೆ? ನಿಮ್ಮ ಮುಖಾನಾ?"

ಯಜಮಾನರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೀಟಾದಲ್ಲಿ ಮೌಸಿನ ಬಾಣವನ್ನು ಎಡಕ್ಕೆ ಎಳೆದರೆ ಬಲಕ್ಕೆ ಓಡುತ್ತಿತ್ತು. ಎರಡು ಸಲ ಕುಸಿದುಬಿದ್ದು, ಎದ್ದಾಗಲೆಲ್ಲ "ನಿಮ್ಮ ಅನುಭವ ಹೇಗಿತ್ತು?" ಎಂದು ವಿಚಾರಿಸಿತು. ಅದನ್ನು ಕಿತ್ತು, ಬಿಟ್ಟಿ ಸಿಗುವ ಇನ್ನೊಂದನ್ನು ಹಾಕಿದರು. ಅದು ಎಲ್ಲ ಸರಿಯಾಗಿ ಮಾಡುತ್ತಿತ್ತು, ಆದರೆ ಪ್ರತಿಯೊಂದಕ್ಕೂ ಪಾಸ್‌ವರ್ಡ್ ಕೇಳುತ್ತಿತ್ತು. ಅದನ್ನೂ ಕಿತ್ತು ಹಳೆಯದನ್ನೇ ಹಾಕಿದರು. ಇಸ್ಪೀಟು ಬಂತು. ಗೆಲುವು ಸೊನ್ನೆ! ಅಷ್ಟರಲ್ಲಿ ಬೀಟಾದ ತಿದ್ದಿದ ಆವೃತ್ತಿ ಬಂದಿದೆಯೆಂದು ತಿಳಿದು ಮತ್ತೆ ಅದಕ್ಕೇ ಹಾರಿದರು. ಈ ಸಲ ಬಾಣ ನೆಟ್ಟಗೆ ಓಡಿತು, ಇಸ್ಪೀಟೂ ಇತ್ತು.

ಹೆಂಡತಿ ಹಿಂದೆ ಬಂದು ನಿಂತಳು. "ಮೊದಲಿನದು ಚೆನ್ನಾಗಿತ್ತೋ, ಇದೋ?"

"ಚುಚ್ಚಬೇಡ ಮಾರಾಯ್ತಿ! ಮುನ್ನೂರ ಹನ್ನೆರಡು ತಾನೆ? ನಾನೇ ಗೆದ್ದು ಅತ್ತೆಯ ಹೆಸರಿಗೆ ಇಟ್ಟುಬಿಡ್ತೀನಿ!"

ಅಂಗಡಿಗೆ ಬೀಗ ಬಿತ್ತು. ಯಜಮಾನರು ಕಾಲು ಕುಣಿಸುತ್ತ ಕೂತರು. ಅವಸರದಲ್ಲಿ ಕೆಂಪೆಲೆಯ ಮೇಲೆ ಕೆಂಪೆಲೆ ಇಡಲು ಹೋಗಿ ಬೈದುಕೊಂಡರು, ಎದ್ದು ನೀರು ಕುಡಿದರು, ಕುರ್ಚಿ ಬದಲಿಸಿದರು, ಕಿಟಕಿ ತೆರೆದರು, ಮುಚ್ಚಿದರು. ಅತ್ತೆ ಬಾಗಿಲು ತಟ್ಟುವ ಹೊತ್ತಿಗೆ ಪರದೆಯ ಮೇಲೆ ಹೀಗಿತ್ತು: ಗೆಲುವು ಒಂಬತ್ತು, ಸೋಲು ಎಪ್ಪತ್ತು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಅತ್ತೆ, ತಪ್ಪಾಯ್ತು," ಎಂದು ಯಜಮಾನರು ಎಲ್ಲವನ್ನೂ ಒಪ್ಪಿಕೊಂಡರು. ನಿಜಕ್ಕೂ ಅವರಿಗೆ ನಾಚಿಕೆಯಾಗಿತ್ತು.

ಅತ್ತೆ ಕೈಚೀಲ ಕೆಳಗಿಟ್ಟು ಕಣ್ಣು ಕಿರಿದು ಮಾಡಿ ಪರದೆಯನ್ನು ನೋಡಿದರು. ಬೈಯಲಿಲ್ಲ. ಬೆರಗಾದರು.

"ಅಲ್ಲ ಅಳಿಯಂದ್ರೇ, ಇಷ್ಟೊಂದು ಸೋಲು ಯಾಕೆ ಬರೆಸಿಕೊಂಡ್ರಿ?"

"ಸೋತರೆ ಅದೇ ಬರೆದುಕೊಳ್ಳುತ್ತಲ್ಲ ಅತ್ತೆ!"

"ಬರೆದುಕೊಳ್ಳೋಕೆ ಬಿಟ್ಟರೆ ತಾನೆ?"

ಅತ್ತೆ ಕುರ್ಚಿಯಲ್ಲಿ ಕೂತು ಒಂದಾಟ ಶುರುಮಾಡಿದರು. ದಾರಿಗಳೆಲ್ಲ ಮುಚ್ಚುತ್ತಿವೆ ಎನ್ನುವಾಗ, ಮುಖದಲ್ಲಿ ಒಂದು ಗೆರೆಯೂ ಕದಲದೆ, ಕಾಲಿನ ಹೆಬ್ಬೆರಳಿನಿಂದ ಮೇಜಿನಡಿಯ ಕರೆಂಟಿನ ಸ್ವಿಚ್ಚನ್ನು ಟಪ್ಪೆಂದು ಆರಿಸಿದರು. ಪರದೆ ಕತ್ತಲಾಯಿತು.

"ಅತ್ತೆ! ದಿನಾ ಹೀಗೇ ಮಾಡ್ತಿದ್ರಾ?"

"ದಿನಾ ಯಾಕೆ? ಸೋಲೋ ಹಾಗಾದ ದಿನ ಮಾತ್ರ."

ಹೆಂಡತಿ ನಿಧಾನವಾಗಿ ಗಂಡನತ್ತ ತಿರುಗಿದಳು. "ಅಂದ್ರೆ ಹಳೇ ಸಿಸ್ಟಂಗೆ ಯಾವ ರೋಗಾನೂ ಇರಲಿಲ್ಲ?"

ಅತ್ತೆ ಸ್ವಿಚ್ಚು ಒತ್ತಿದರು. ಬೀಟಾ ಕ್ಷಣದಲ್ಲಿ ಎದ್ದು ಕೂತಿತು. ಗೊಣಗಲಿಲ್ಲ, ತಪಾಸಣೆ ಮಾಡಿಕೊಳ್ಳಲಿಲ್ಲ, ಒಂದೆಲೆಯೂ ಚೆದುರಿರಲಿಲ್ಲ. ಹುಟ್ಟಿದಾಗಿನಿಂದ ಅದು ಮಾಡಿದ ಮೊದಲ ಸರಿಯಾದ ಕೆಲಸ! ಯಜಮಾನರ ಎದೆ ಹಿಗ್ಗಿತು. "ನೋಡಿದ್ರಾ ಅತ್ತೆ? ಇದು ಎಷ್ಟು ಗಟ್ಟಿ!" ಎಂದರು.

ಅತ್ತೆ ನೋಡಿದರು. ನಡುವೆ ಆರಿಸಿದ ಆಟವನ್ನೂ ಲೆಕ್ಕಕ್ಕೆ ಹಿಡಿದು, ಮೂಲೆಯಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿತ್ತು: ಸೋಲು ಎಪ್ಪತ್ತೊಂದು.

"ಅಳಿಯಂದ್ರೇ, ಅಕ್ಕ ಬರೋದರೊಳಗೆ ಹಳೇದನ್ನ ಹಾಕಿಕೊಡಿ. ಮುನ್ನೂರು ಗೆಲ್ಲೋದು ನನಗೆ ಬಿಡಿ," ಎಂದು ಅತ್ತೆ ಎದ್ದರು. ಬಾಗಿಲ ಬಳಿ ನಿಂತು ತಿರುಗಿದರು. "ಇದಿನ್ನೂ ಪರೀಕ್ಷೇಲಿದೆ ಅಂದ್ರಲ್ಲ? ಫೇಲು ಅಂತ ಬರೆದು ಕಳಿಸಿ."